ಎರಡು ಬೆನ್ನುಚೀಲ, ಒಂದು ಪರ್ಸು

ಟಿಕೆಟ್ ಕೊಂಡ ದಿನ ಅತ್ತೆ ಕೇಳಿದ್ದು ಒಂದೇ ಮಾತು: "ಅಲ್ಲೆಲ್ಲ ಅನ್ನ ಸಿಗುತ್ತೇನೇ?"

ಸಿಗುತ್ತದೆ. ಥಾಯ್ಲೆಂಡ್, ಲಾವೋಸ್, ವಿಯೆಟ್ನಾಂ, ಕಾಂಬೋಡಿಯಾ ನಾಲ್ಕೂ ಅನ್ನ ಉಣ್ಣುವ ನಾಡುಗಳು. ಅನ್ನದ ಮೇಲೆ ಏನು ಬೀಳುತ್ತದೆ ಎನ್ನುವುದು ಬೇರೆ ವಿಷಯ, ಅದನ್ನು ಮುಂದೆ ಹೇಳುತ್ತೇನೆ.

ನಾನೂ ನನ್ನವರೂ ಬೆನ್ನಿಗೊಂದೊಂದು ಚೀಲ ಏರಿಸಿಕೊಂಡು ಈ ನಾಲ್ಕು ದೇಶಗಳಲ್ಲಿ ಅರವತ್ತು ದಿನ ಸುತ್ತಿದೆವು. ಇಬ್ಬರಿಗೂ ಸೇರಿ ದಿನಕ್ಕೆ 3,500 ರೂಪಾಯಿ ಎಂದು ಮೊದಲೇ ಗೆರೆ ಎಳೆದುಕೊಂಡಿದ್ದೆವು. ಕೋಣೆ, ಊಟ, ಬಸ್ಸು, ರೈಲು, ಬಟ್ಟೆ ಒಗೆಸುವುದು, ಎಲ್ಲ ಅದರೊಳಗೇ. ಬೆಂಗಳೂರಿನಿಂದ ಹೋಗಿಬರುವ ವಿಮಾನ, ವೀಸಾ, ವಿಮೆ ಮತ್ತು ಅಂಕೋರ್ ದೇವಾಲಯಗಳ ಟಿಕೆಟ್ಟನ್ನು ಮಾತ್ರ ಹೊರಗಿಟ್ಟಿದ್ದೆವು. ಹೀಗೆ ಹೊರಡಬೇಕೆಂದಿರುವ ಗಂಡ ಹೆಂಡತಿಯರಿಗೆ ನಮ್ಮ ಲೆಕ್ಕದ ಪುಸ್ತಕ ಉಪಯೋಗಕ್ಕೆ ಬಂದೀತು ಎಂದು ಇದನ್ನು ಬರೆಯುತ್ತಿದ್ದೇನೆ.

ಹೊರಟ ದಿನ, ನಿಂತ ದಿನ

ಮೊದಲ ಹತ್ತು ದಿನಗಳಲ್ಲೇ ಲೆಕ್ಕ ತಪ್ಪಿತು. ಬ್ಯಾಂಕಾಕ್, ಅಯುತ್ಥಯಾ, ಸುಖೋಥಾಯ್, ಚಿಯಾಂಗ್ ಮಾಯ್, ಚಿಯಾಂಗ್ ರಾಯ್ ಎಂದು ಐದು ಊರು ಮುಗಿಸಿದ್ದೆವು. ದುಂದು ಮಾಡಿರಲಿಲ್ಲ, ಬೀದಿಬದಿಯಲ್ಲೇ ಉಂಡಿದ್ದೆವು. ಆದರೂ ಹಣ ಎಲ್ಲಿ ಹೋಯಿತು ಎಂದು ಒಂದು ರಾತ್ರಿ ಕೂತು ಬರೆದಾಗ ಕಾಣಿಸಿದ್ದು ಇದು: ಊರು ಬದಲಾಯಿಸಿದ ದಿನಗಳ ಖರ್ಚು ಒಂದೇ ಊರಲ್ಲಿ ಇದ್ದ ದಿನದ ಖರ್ಚಿಗಿಂತ ಹೆಚ್ಚೂಕಡಿಮೆ ಎರಡು ಪಟ್ಟು.

ಹೊರಟ ದಿನ ಬಸ್ಸಿನ ಟಿಕೆಟ್ ಒಂದೇ ಖರ್ಚಲ್ಲ. ಬಸ್ ನಿಲ್ದಾಣ ಊರಾಚೆ ಇರುತ್ತದೆ, ಅಲ್ಲಿಗೊಂದು ಟುಕ್‌ಟುಕ್. ಇಳಿದ ಊರಲ್ಲಿ ಇನ್ನೊಂದು. ಹಸಿವಾದಾಗ ಕಣ್ಣಿಗೆ ಬಿದ್ದ ಹೋಟೆಲೇ ಗತಿ. ಕತ್ತಲಾಗುವ ಹೊತ್ತಿಗೆ ಸಿಕ್ಕ ಕೋಣೆಗೆ ಕೇಳಿದ ಬಾಡಿಗೆ. ನಿಂತ ದಿನ ಇದ್ಯಾವುದೂ ಇಲ್ಲ. ಎರಡನೇ ದಿನಕ್ಕೆ ಅಗ್ಗದ ಊಟದ ಅಂಗಡಿ ಗೊತ್ತಾಗಿರುತ್ತದೆ, ಮೂರನೇ ದಿನ ಅವರೇ ಗುರುತು ಹಿಡಿಯುತ್ತಾರೆ, ನಾಲ್ಕು ರಾತ್ರಿ ಇರುತ್ತೇವೆ ಎಂದರೆ ಕೋಣೆಯ ಬಾಡಿಗೆ ಇಳಿಯುತ್ತದೆ. ಅಂದಿನಿಂದ ಒಂದು ಊರಲ್ಲಿ ಕನಿಷ್ಠ ನಾಲ್ಕು ರಾತ್ರಿ ಎಂದು ಗೊತ್ತು ಮಾಡಿಕೊಂಡೆವು. ಉಳಿದ ಐವತ್ತು ದಿನ ಗೆರೆ ದಾಟಲಿಲ್ಲ. ಹನೋಯ್, ಹಾಲಾಂಗ್ ಕೊಲ್ಲಿ ಎರಡನ್ನೂ ಇದೇ ಕಾರಣಕ್ಕೆ ಕೈಬಿಟ್ಟೆವು. ಹೊರಡುವ ಮೊದಲೇ ಇಬ್ಬರೂ ಕೂತು ಯಾವ ಊರು ಬಿಡುವುದು ಎಂದು ತೀರ್ಮಾನಿಸಿಕೊಳ್ಳಿ. ನೋಡುವ ಊರುಗಳ ಪಟ್ಟಿಗಿಂತ ಬಿಡುವ ಊರುಗಳ ಪಟ್ಟಿಯ ಮೇಲೆಯೇ ಗಂಡ ಹೆಂಡತಿಗೆ ಜಗಳವಾಗುವುದು. ಅದು ಮನೆಯಲ್ಲೇ ಆಗಿಹೋಗಲಿ.

ಯಾವಾಗ ಹೊರಡಬೇಕು

ನವೆಂಬರ್‌ನಿಂದ ಫೆಬ್ರುವರಿವರೆಗೆ ಥಾಯ್ಲೆಂಡ್, ಲಾವೋಸ್, ಕಾಂಬೋಡಿಯಾಗಳಲ್ಲಿ ಮಳೆಯಿಲ್ಲ, ಸೆಕೆಯೂ ಕಡಿಮೆ. ಮಧ್ಯ ವಿಯೆಟ್ನಾಂ ಮಾತ್ರ ತದ್ವಿರುದ್ಧ: ಹ್ವೇ, ಹೋಯ್ ಆನ್ ಊರುಗಳಲ್ಲಿ ಅಕ್ಟೋಬರ್, ನವೆಂಬರ್‌ಗಳಲ್ಲೇ ನೆರೆ ಬರುತ್ತದೆ. ಫೆಬ್ರುವರಿ ಕೊನೆಯಿಂದ ಉತ್ತರ ಥಾಯ್ಲೆಂಡ್, ಲಾವೋಸ್‌ಗಳಲ್ಲಿ ಗದ್ದೆ ಕಾಡುಗಳಿಗೆ ಇಟ್ಟ ಬೆಂಕಿಯ ಹೊಗೆ ಮುಸುಕುತ್ತದೆ. ಉಬ್ಬಸವಿದ್ದವರು ಆಗ ಆ ಕಡೆ ಹೋಗಲೇಬಾರದು. ನಾವು ಜನವರಿ ನಡುವಿನಲ್ಲಿ ಹೊರಟು, ವಿಯೆಟ್ನಾಮಿನ ಹೊಸ ವರ್ಷ ಟೆಟ್ ಮುಗಿದ ಮೇಲೆ ಆ ದೇಶ ಹೊಕ್ಕೆವು. ಟೆಟ್ ವಾರದಲ್ಲಿ ಅಂಗಡಿಗಳು ಮುಚ್ಚಿರುತ್ತವೆ, ರೈಲು ಬಸ್ಸುಗಳಲ್ಲಿ ಜಾಗ ಸಿಗದು.

ಏಪ್ರಿಲ್ ನಡುವಿಗೆ ಹೊರಡುವವರಿಗೆ ಇನ್ನೊಂದು ಸಂತೋಷವಿದೆ. ನಮ್ಮ ಕರಾವಳಿಯಲ್ಲಿ ಬಿಸು ಹಬ್ಬ ಬರುವ ಹೊತ್ತಿಗೇ ಥಾಯ್ಲೆಂಡಿನಲ್ಲಿ ಸೋಂಗ್‌ಕ್ರಾನ್. ಲಾವೋಸ್, ಕಾಂಬೋಡಿಯಾಗಳಲ್ಲೂ ಹೊಸ ವರ್ಷ. ಸೋಂಗ್‌ಕ್ರಾನ್ ಎಂದರೆ ನಮ್ಮ ಸಂಕ್ರಾಂತಿಯೇ, ಸೂರ್ಯ ಮೇಷಕ್ಕೆ ಬರುವ ದಿನ. ನೋಡಬೇಕಾದ್ದೇ, ಆದರೆ ಆ ವಾರದ ಕೋಣೆಯನ್ನು ತಿಂಗಳು ಮೊದಲೇ ಹಿಡಿದಿಟ್ಟುಕೊಳ್ಳಿ.

ಇನಿಷಿಯಲ್ ಎಂಬ ತೊಡಕು

ಮೊದಲು ಪಾಸ್‌ಪೋರ್ಟ್ ತೆಗೆದು ನೋಡಿ. ಅವಧಿ ಇನ್ನೂ ಆರು ತಿಂಗಳಾದರೂ ಇರಬೇಕು. ಅದಕ್ಕಿಂತ ಮುಖ್ಯ ಹೆಸರು. ನಮ್ಮಲ್ಲಿ ಎಷ್ಟೋ ಜನರಿಗೆ ಅಡ್ಡಹೆಸರೇ ಇಲ್ಲ, ಇರುವುದು ಅಪ್ಪನ ಹೆಸರಿನದೋ ಊರಿನದೋ ಒಂದು ಇನಿಷಿಯಲ್. ಕೆಲವರ ಪಾಸ್‌ಪೋರ್ಟಿನಲ್ಲಿ ಅದು ಬಿಡಿಸಿ ಬರೆದಿರುತ್ತದೆ, ಕೆಲವರಲ್ಲಿ ಅಡ್ಡಹೆಸರಿನ ಜಾಗವೇ ಖಾಲಿ. ನನ್ನವರದು ಖಾಲಿ. ವೀಸಾ ಅರ್ಜಿಯಲ್ಲಿ ಅವರು ರೂಢಿಯಂತೆ ಇನಿಷಿಯಲ್ ಸೇರಿಸಿದರು, ಅರ್ಜಿ ತಿರುಗಿ ಬಂತು, ಒಂದು ವಾರ ಹೋಯಿತು. ಪಾಸ್‌ಪೋರ್ಟಿನ ಫೋಟೋ ಪುಟದ ಅಡಿಯಲ್ಲಿ ಬಾಣದ ಗುರುತುಗಳಿರುವ ಎರಡು ಸಾಲು ಇರುತ್ತವಲ್ಲ, ಯಂತ್ರ ಓದುವುದು ಅದನ್ನೇ. ವಿಮಾನದ ಟಿಕೆಟ್, ವೀಸಾ ಅರ್ಜಿ ಎಲ್ಲದರಲ್ಲೂ ಅಲ್ಲಿರುವ ಹೆಸರನ್ನೇ, ಅಕ್ಷರ ಬಿಡದೆ ತುಂಬಿ.

ವಿಯೆಟ್ನಾಮಿಗೆ ಇ-ವೀಸಾ ಸಾಕು. ಒಮ್ಮೆ ಪ್ರವೇಶಕ್ಕೆ 25 ಡಾಲರ್, ಹಲವು ಬಾರಿಗೆ 50. 2023ರ ಆಗಸ್ಟ್‌ನಿಂದ ಅದು 90 ದಿನಗಳವರೆಗೂ ಸಿಗುತ್ತದೆ. ಹುಡುಕಿದರೆ ಸರ್ಕಾರದ್ದೇ ಎನ್ನುವಂತೆ ಕಾಣುವ ಖಾಸಗಿ ಜಾಲತಾಣಗಳು ಮೊದಲು ಬರುತ್ತವೆ, ಹೆಚ್ಚು ಹಣ ಕೀಳುತ್ತವೆ. ಸರ್ಕಾರದ ತಾಣದ ವಿಳಾಸ 'ಜಿಒವಿ ಡಾಟ್ ವಿಎನ್' ಎಂದು ಮುಗಿಯುತ್ತದೆ. ಅರ್ಜಿಯಲ್ಲಿ ಯಾವ ಗಡಿಯಿಂದ ಒಳಬರುತ್ತೀರಿ ಎಂದು ಕೇಳುತ್ತಾರೆ. ಎಲ್ಲ ಗಡಿ ಠಾಣೆಗಳಲ್ಲೂ ಇ-ವೀಸಾ ನಡೆಯುವುದಿಲ್ಲ, ಹಾಗಾಗಿ ದಾರಿ ನಿಶ್ಚಯವಾದ ಮೇಲೆಯೇ ಅರ್ಜಿ ಹಾಕಿ.

ಥಾಯ್ಲೆಂಡ್ 2023ರ ನವೆಂಬರ್‌ನಲ್ಲಿ ಭಾರತೀಯರಿಗೆ ವೀಸಾ ಇಲ್ಲದ ಪ್ರವೇಶ ಆರಂಭಿಸಿತು. ಎಷ್ಟು ದಿನ ಎನ್ನುವ ಮಿತಿ ಆಮೇಲೆ ಬದಲಾಗುತ್ತ ಬಂದಿದೆ, ಟಿಕೆಟ್ ಕೊಳ್ಳುವ ದಿನವೇ ರಾಯಭಾರ ಕಚೇರಿಯ ತಾಣ ನೋಡಿಕೊಳ್ಳಿ. 2025ರ ಮೇ 1ರಿಂದ ಆಗಮನದ ಚೀಟಿಯನ್ನು ಆನ್‌ಲೈನಿನಲ್ಲೇ ತುಂಬಬೇಕು, ಇಳಿಯುವುದಕ್ಕೆ ಮೂರು ದಿನದೊಳಗೆ. ಅದಕ್ಕೆ ಶುಲ್ಕವಿಲ್ಲ, ಹಣ ಕೇಳುವ ತಾಣ ಸರ್ಕಾರದ್ದಲ್ಲ. ಮಿತಿ ಮೀರಿ ಉಳಿದರೆ ದಿನಕ್ಕೆ 500 ಬಾತ್ ದಂಡ. ಲಾವೋಸ್, ಕಾಂಬೋಡಿಯಾಗಳಿಗೂ ಇ-ವೀಸಾ ಇದೆ. ಲಾವೋಸ್ ವೀಸಾವನ್ನು ನಾವು ಗಡಿಯಲ್ಲೇ ಪಡೆದೆವು. ಫೋಟೋ, ಡಾಲರ್ ಎರಡೂ ಕೈಯಲ್ಲಿರಲಿ. ಡಾಲರ್ ನೋಟು ಹೊಸದರಂತೆ ಇರಬೇಕು. ಮೂಲೆಯಲ್ಲಿ ಉಗುರಿನಷ್ಟು ಹರಿದಿದ್ದ ನಮ್ಮ 50ರ ನೋಟನ್ನು ಈ ಪ್ರಯಾಣದಲ್ಲಿ ಯಾರೂ ಮುಟ್ಟಲಿಲ್ಲ, ಹಾಗೇ ಮನೆಗೆ ಬಂತು.

ನೆಲದ ದಾರಿ, ನೀರಿನ ದಾರಿ

ಬೆಂಗಳೂರಿನಿಂದ ಬ್ಯಾಂಕಾಕ್ ಸುಮಾರು ನಾಲ್ಕು ತಾಸು. ಅಗ್ಗದ ವಿಮಾನಗಳಲ್ಲಿ ಕೈಚೀಲಕ್ಕೆ ಸಾಮಾನ್ಯವಾಗಿ 7 ಕೆ.ಜಿ. ಮಿತಿ. ಆ ಮಿತಿಯೊಳಗೇ ಚೀಲ ಕಟ್ಟಿದರೆ ಲಗೇಜಿನ ಹಣ ಉಳಿಯುತ್ತದೆ, ಊರೂರಲ್ಲಿ ಟುಕ್‌ಟುಕ್ ಬಿಟ್ಟು ನಡೆಯಲೂ ಆಗುತ್ತದೆ.

ಬ್ಯಾಂಕಾಕಿನ ಹೊಸ ನಿಲ್ದಾಣ ಕ್ರುಂಗ್ ಥೆಪ್ ಅಪಿವಾತ್‌ನಿಂದ ಚಿಯಾಂಗ್ ಮಾಯ್‌ಗೆ ರಾತ್ರಿ ರೈಲಿದೆ. ಎರಡನೇ ದರ್ಜೆಯ ಸ್ಲೀಪರ್ ಚೊಕ್ಕಟವಾಗಿರುತ್ತದೆ, ಒಂದು ರಾತ್ರಿಯ ಕೋಣೆ ಬಾಡಿಗೆ ಉಳಿಯುತ್ತದೆ. ಕೆಳಗಿನ ಬರ್ತ್ ಅಗಲ, ದರವೂ ತುಸು ಹೆಚ್ಚು. ಒಂದು ಕೆಳಗಿನದು ಒಂದು ಮೇಲಿನದು ಹಿಡಿದರೆ ಹಗಲಿಗೆ ಎದುರುಬದುರು ಕೂರಬಹುದು.

ಅಲ್ಲಿಂದ ಚಿಯಾಂಗ್ ಖೋಂಗ್, 2013ರಲ್ಲಿ ತೆರೆದ ಮೆಕಾಂಗ್ ಸೇತುವೆ ದಾಟಿದರೆ ಲಾವೋಸಿನ ಹ್ವಾಯ್ ಸಾಯ್. ಇಲ್ಲಿಂದ ಲುವಾಂಗ್ ಪ್ರಬಾಂಗ್‌ಗೆ ನಿಧಾನದ ದೋಣಿ ಎರಡು ಹಗಲು ಹೋಗುತ್ತದೆ. ಉದ್ದನೆಯ ಮರದ ದೋಣಿ, ಹಳೆಯ ವ್ಯಾನುಗಳಿಂದ ಕಿತ್ತು ತಂದ ಸೀಟುಗಳು. ನಡುವೆ ಪಾಕ್‌ಬೆಂಗ್ ಎಂಬ ಹಳ್ಳಿಯಲ್ಲಿ ರಾತ್ರಿ ತಂಗಬೇಕು. ದೋಣಿಯಲ್ಲಿ ತಿನ್ನಲು ಸಿಗುವುದು ದುಬಾರಿ, ಬುತ್ತಿ ಕಟ್ಟಿಕೊಂಡು ಹೋಗಿ. ಎಂಜಿನ್ನು ಹಿಂಭಾಗದಲ್ಲಿರುತ್ತದೆ, ಬೇಗ ಹೋಗಿ ಮುಂದಿನ ಸೀಟು ಹಿಡಿಯಿರಿ. ಎರಡು ದಿನವೂ ಎರಡೂ ದಡದಲ್ಲಿ ಕಾಡು, ಮರಳಿನ ದಿಬ್ಬದಲ್ಲಿ ಬೆಳೆದ ತರಕಾರಿ, ಮೀಯುವ ಎಮ್ಮೆಗಳು. ಲಾಂಚಿನಲ್ಲಿ ಶರಾವತಿ ದಾಟುತ್ತ ಬೆಳೆದ ನನಗೆ ಆ ದೋಣಿಯಿಂದ ಇಳಿಯಲು ಮನಸ್ಸೇ ಬರಲಿಲ್ಲ. ಇಡೀ ಪ್ರಯಾಣದಲ್ಲಿ ಒಂದನ್ನೇ ಆರಿಸಿ ಎಂದರೆ ನಾನು ಇದನ್ನೇ ಆರಿಸುತ್ತೇನೆ.

ಲುವಾಂಗ್ ಪ್ರಬಾಂಗ್ 1995ರಿಂದ ಯುನೆಸ್ಕೋ ಪಟ್ಟಿಯಲ್ಲಿದೆ. ಬೆಳಗಿನ ಜಾವ ಭಿಕ್ಷುಗಳು ಸಾಲಾಗಿ ಭಿಕ್ಷೆಗೆ ಬರುತ್ತಾರೆ. ಪ್ರವಾಸಿಗರು ಅವರ ಮುಖಕ್ಕೇ ಕ್ಯಾಮೆರಾ ಹಿಡಿಯುವುದು ನೋಡಿ ತುಂಬ ನೋವಾಯಿತು. ರಸ್ತೆಯ ಆಚೆ ಬದಿ ಸುಮ್ಮನೆ ಕೂತು ನೋಡಿ. ಇಲ್ಲಿಂದ ರಾಜಧಾನಿ ವಿಯೆಂಟಿಯಾನ್‌ಗೆ ಬೆಟ್ಟದ ರಸ್ತೆಯಲ್ಲಿ ಬಸ್ಸಿಗೆ ಇಡೀ ದಿನ ಬೇಕು, 2021ರ ಡಿಸೆಂಬರ್‌ನಲ್ಲಿ ಶುರುವಾದ ಲಾವೋಸ್–ಚೀನಾ ರೈಲಿನಲ್ಲಿ ಎರಡು ತಾಸು. ಟಿಕೆಟ್ ಬೇಗ ಖಾಲಿಯಾಗುತ್ತದೆ. ನಿಲ್ದಾಣದ ತಪಾಸಣೆ ವಿಮಾನ ನಿಲ್ದಾಣದಷ್ಟೇ ಬಿಗಿ: ಚಾಕು, ಕತ್ತರಿ, ಸ್ಪ್ರೇ ಡಬ್ಬಿ ಬಿಡುವುದಿಲ್ಲ.

ವಿಯೆಂಟಿಯಾನ್‌ನಿಂದ ಹನೋಯ್‌ಗೆ ಒಂದೇ ಬಸ್ಸಿನಲ್ಲಿ ಹೋಗಬಹುದು, ಸುಮಾರು 24 ತಾಸು. ನನ್ನ ಸಲಹೆ, ಬೇಡ. ದಕ್ಷಿಣಕ್ಕೆ ಸವನ್ನಾಖೇತ್‌ವರೆಗೆ ಬಂದು ನಾಲ್ಕು ದಿನ ನಿಂತು, ಲಾವೋ ಬಾವೋ ಗಡಿಯಿಂದ ಹ್ವೇ ನಗರಕ್ಕೆ ಇಳಿಯಿರಿ. ಹ್ವೇಯಿಂದ ದಾ ನಾಂಗ್‌ಗೆ ಹಗಲು ರೈಲು ಹಿಡಿಯಿರಿ. ಹನೋಯ್‌ನಿಂದ ಹೋ ಚಿ ಮಿನ್ ನಗರದವರೆಗಿನ 1,726 ಕಿ.ಮೀ. ಹಳಿಯಲ್ಲಿ ಅತಿ ಚೆಂದದ ತುಂಡು ಇದು, ಹಾಯ್ ವಾನ್ ಘಟ್ಟದ ಬುಡದಲ್ಲಿ ಕಡಲನ್ನು ಒತ್ತಿಕೊಂಡೇ ಸಾಗುತ್ತದೆ. ದಕ್ಷಿಣಕ್ಕೆ ಹೋಗುವಾಗ ಎಡಗಡೆಯ ಕಿಟಕಿ ಕೇಳಿ ಪಡೆಯಿರಿ.

ಹೋಯ್ ಆನ್ ಸಮೀಪದ ಮಿ ಸನ್ ಚಾಂಪಾ ಅರಸರ ಶಿವಕ್ಷೇತ್ರ. ಇಟ್ಟಿಗೆಯ ಗುಡಿಗಳು, ಸಂಸ್ಕೃತದ ಶಾಸನಗಳು. 1969ರ ಬಾಂಬ್ ದಾಳಿಯಲ್ಲಿ ಬಹುಪಾಲು ಹಾಳಾಯಿತು. ನಮ್ಮ ಪುರಾತತ್ವ ಸರ್ವೇಕ್ಷಣ ಇಲಾಖೆಯವರು ಅಲ್ಲಿ ದುರಸ್ತಿ ಮಾಡುತ್ತಿದ್ದಾಗ 2020ರಲ್ಲಿ ಒಂಬತ್ತನೇ ಶತಮಾನದ ಮರಳುಗಲ್ಲಿನ ಶಿವಲಿಂಗ ಸಿಕ್ಕಿತು. ಬೆಳಿಗ್ಗೆ ಮೊದಲ ಗಾಡಿಗೇ ಹೋದರೆ ಒಂದು ತಾಸು ಆ ಕಣಿವೆ ನಿಮ್ಮದೇ.

ಹೋ ಚಿ ಮಿನ್ ನಗರದಿಂದ ಕಾಂಬೋಡಿಯಾದ ನೋಮ್ ಪೆನ್‌ಗೆ ಬಸ್ಸು ಮೋಕ್ ಬಾಯ್ ಗಡಿಯಿಂದ ಹೋಗುತ್ತದೆ. ಬಸ್ಸಿನವರು ಎಲ್ಲರ ಪಾಸ್‌ಪೋರ್ಟ್ ಒಟ್ಟು ಮಾಡಿ, ವೀಸಾ ಮಾಡಿಸಿಕೊಡುತ್ತೇವೆಂದು ಹೆಚ್ಚುವರಿ ಹಣ ಕೇಳುವುದುಂಟು. ಇ-ವೀಸಾ ಮುದ್ರಿಸಿ ಇಟ್ಟುಕೊಂಡಿದ್ದರೆ ಆ ಮಾತೇ ಬರುವುದಿಲ್ಲ. ಒಂದು ಮುಖ್ಯ ಎಚ್ಚರಿಕೆ: ಥಾಯ್ಲೆಂಡ್ ಮತ್ತು ಕಾಂಬೋಡಿಯಾ ನಡುವೆ 2025ರಲ್ಲಿ ಸೇನಾ ಸಂಘರ್ಷವಾಗಿ ನೆಲದ ಗಡಿಗಳು ಮುಚ್ಚಿದವು. ಬ್ಯಾಂಕಾಕ್‌ನಿಂದ ಅಂಕೋರ್ ಪಕ್ಕದ ಸಿಯೆಮ್ ರೀಪ್‌ಗೆ ರೈಲು ಬಸ್ಸಿನಲ್ಲಿ ಹೋಗಬಹುದು ಎಂಬ ಹಳೆಯ ಮಾಹಿತಿ ನಂಬಿ ಹೊರಡಬೇಡಿ.

ಪರ್ಸು ಯಾರ ಕೈಯಲ್ಲಿ

ಇಬ್ಬರ ಕಾರ್ಡುಗಳು ಬೇರೆ ಬೇರೆ ಬ್ಯಾಂಕಿನವಾಗಿರಲಿ, ಬೇರೆ ಬೇರೆ ಚೀಲದಲ್ಲಿರಲಿ. ಬ್ಯಾಂಕಿನ ಆ್ಯಪಿನಲ್ಲಿ ವಿದೇಶಿ ಬಳಕೆಯನ್ನು ನೀವೇ ತೆರೆಯಬೇಕು. ಊರಿನ ಸಿಮ್‌ಗೆ ರೋಮಿಂಗ್ ಹಾಕಿಸಿಕೊಂಡೇ ಹೊರಡಿ, ಒಟಿಪಿ ಬರದಿದ್ದರೆ ಕಾರ್ಡು ಇದ್ದೂ ಇಲ್ಲದಂತೆ. ಥಾಯ್ಲೆಂಡಿನ ಎಟಿಎಂಗಳು ಹೊರದೇಶದ ಕಾರ್ಡಿಗೆ ಪ್ರತಿ ಸಲ 220 ಬಾತ್ ಇಲ್ಲವೇ ಅದಕ್ಕೂ ಹೆಚ್ಚು ಶುಲ್ಕ ಹಿಡಿಯುತ್ತವೆ, ಚೂರುಚೂರು ತೆಗೆಯಬೇಡಿ. ರೂಪಾಯಿಯಲ್ಲೇ ಲೆಕ್ಕ ಹಾಕಿ ಕೊಡಲೇ ಎಂದು ಯಂತ್ರ ಕೇಳಿದರೆ ಬೇಡವೆನ್ನಿ, ಆ ದೇಶದ ಹಣದಲ್ಲೇ ಒಪ್ಪಿ. ಯಂತ್ರ ಕೊಡುವ ದರ ಬ್ಯಾಂಕಿನ ದರಕ್ಕಿಂತ ಕೆಟ್ಟದ್ದಿರುತ್ತದೆ.

ದಿನದ ಖರ್ಚಿಗೆ ಒಂದೇ ಪರ್ಸು, ಬೆಳಿಗ್ಗೆ ಅದರಲ್ಲಿ ಆ ದಿನದ ಹಣ. ಪರ್ಸು ವಾರಕ್ಕೊಬ್ಬರ ಕೈಯಲ್ಲಿ. ಯಾರ ಕೈಯಲ್ಲಿ ಪರ್ಸು ಇದೆಯೋ ಆ ವಾರ ಊಟ, ಗಾಡಿ, ಕೋಣೆಯ ಮಾತು ಅವರದೇ, ಇನ್ನೊಬ್ಬರು ಚೌಕಾಸಿಯ ನಡುವೆ ಬಾಯಿ ಹಾಕುವಂತಿಲ್ಲ. ಇದು ವಿಯೆಂಟಿಯಾನ್‌ನಲ್ಲಿ ಟುಕ್‌ಟುಕ್ ಬಾಡಿಗೆಯ ವಿಷಯಕ್ಕೆ ನಾವಿಬ್ಬರೂ ರಸ್ತೆಯಲ್ಲೇ ಮುನಿಸಿಕೊಂಡ ಮೇಲೆ ಹೊಳೆದದ್ದು. ಜೊತೆಗೆ ವಾರಕ್ಕೆ ಅರ್ಧ ದಿನ ಬೇರೆ ಬೇರೆ ತಿರುಗಿದೆವು. ಇಪ್ಪತ್ತನಾಲ್ಕು ತಾಸೂ ಅಂಟಿಕೊಂಡಿರುವುದು ಮನೆಯಲ್ಲೂ ಯಾರಿಗೂ ರೂಢಿಯಿಲ್ಲ. ಸಂಜೆ ಸಿಕ್ಕಾಗ ಹೇಳಲು ಇಬ್ಬರಲ್ಲೂ ಹೊಸ ಮಾತಿರುತ್ತಿತ್ತು.

ವಿಯೆಟ್ನಾಮಿನ ನೋಟು ಗುರುತಿಸುವುದನ್ನು ಮೊದಲ ದಿನವೇ ಕಲಿಯಿರಿ. 20,000 ಡಾಂಗ್ ಮತ್ತು 5,00,000 ಡಾಂಗ್ ಎರಡೂ ನೀಲಿ, ಬೆಲೆಯಲ್ಲಿ 25 ಪಟ್ಟು ಅಂತರ. ಹ್ವೇಯ ಸಂತೆಯಲ್ಲಿ ಎಳನೀರಿಗೆ ನಾನು ದೊಡ್ಡ ನೋಟು ಕೊಟ್ಟು ನಡೆದುಬಿಟ್ಟಿದ್ದೆ. ಮಾರುತ್ತಿದ್ದ ಅಜ್ಜಿ ಬೀದಿಯ ಕೊನೆಯವರೆಗೂ ಓಡಿ ಬಂದು ನೋಟು ಕೈಗಿಟ್ಟು, ಚಿಕ್ಕದನ್ನು ಕೇಳಿ ಪಡೆದಳು. ಅಂದಿನಿಂದ ಎರಡು ನೋಟಿಗೆ ಎರಡು ಜೇಬು.

ಕೋಣೆಯ ವಿಷಯದಲ್ಲಿ ಜೋಡಿಯಾಗಿ ಹೋಗುವವರಿಗೆ ಲಾಭವಿದೆ. ಹಾಸ್ಟೆಲಿನ ಎರಡು ಮಂಚಕ್ಕೆ ಕೊಡುವ ಹಣದಲ್ಲಿ ಬಹಳ ಕಡೆ ಮನೆಯವರೇ ನಡೆಸುವ ಗೆಸ್ಟ್‌ಹೌಸಿನಲ್ಲಿ ಫ್ಯಾನಿರುವ ಪೂರ್ತಿ ಕೋಣೆ ಸಿಗುತ್ತದೆ. ಆ್ಯಪಿನಲ್ಲಿ ಮೊದಲ ರಾತ್ರಿಯನ್ನಷ್ಟೇ ಹಿಡಿಯಿರಿ. ಮರುದಿನ ಮುಖ್ಯ ಬೀದಿಯ ಹಿಂದಿನ ಓಣಿಯಲ್ಲಿ ನಡೆದು, ಕೋಣೆ ನೋಡಿ, ಮಾತಾಡಿ. ವಿಯೆಟ್ನಾಮಿನಲ್ಲಿ ನೋಂದಣಿಗೆಂದು ಪಾಸ್‌ಪೋರ್ಟ್ ಇಟ್ಟುಕೊಳ್ಳುತ್ತಾರೆ, ಅಂದೇ ಸಂಜೆ ಕೇಳಿ ವಾಪಸು ಪಡೆಯಿರಿ.

ಅನ್ನದ ಮೇಲೆ ಏನು

ನಾವು ಸಸ್ಯಾಹಾರಿಗಳು. ಈ ನಾಡುಗಳಲ್ಲಿ ಕಷ್ಟ ಮಾಂಸದ್ದಲ್ಲ, ಅದು ಕಣ್ಣಿಗೆ ಕಾಣುತ್ತದೆ. ಕಷ್ಟ ಮೀನಿನ ರಸ, ಗೊಜ್ಜುಗಳದ್ದು. ಥಾಯ್ಲೆಂಡಿನ ನಾಮ್ ಪ್ಲಾ, ವಿಯೆಟ್ನಾಮಿನ ನುವೋಕ್ ಮಾಮ್, ಲಾವೋಸಿನ ಪಾಡೆಕ್, ಕಾಂಬೋಡಿಯಾದ ಪ್ರಹೋಕ್, ನಮ್ಮಲ್ಲಿ ಉಪ್ಪು ಹುಣಸೆ ಬೀಳುವಂತೆ ಎಲ್ಲ ಪಲ್ಯಕ್ಕೂ ಬೀಳುತ್ತವೆ. ತರಕಾರಿ ಮಾತ್ರ ಎಂದರೆ ಅವರು ನಿಜವಾಗಿಯೂ ತರಕಾರಿಯನ್ನೇ ಹಾಕುತ್ತಾರೆ, ಮೇಲೆ ಮೀನಿನ ರಸ. ಅದು ಅವರ ಮೋಸವಲ್ಲ, ಅವರಿಗೆ ಅದು ಉಪ್ಪು.

ಹೇಳಬೇಕಾದ ಪದವೇ ಬೇರೆ. ಥಾಯ್ಲೆಂಡಿನಲ್ಲಿ "ಜೇ". ಹಳದಿ ಬಾವುಟದಲ್ಲಿ ಕೆಂಪು ಅಕ್ಷರವಿರುವ ಅಂಗಡಿ ಹುಡುಕಿ. ಚೀನೀ ಬೌದ್ಧ ಸಂಪ್ರದಾಯದ ಈ ಅಡುಗೆಯಲ್ಲಿ ಮೀನು, ಮೊಟ್ಟೆ ಮಾತ್ರವಲ್ಲ, ಈರುಳ್ಳಿ ಬೆಳ್ಳುಳ್ಳಿಯೂ ಇರುವುದಿಲ್ಲ. ವ್ರತದ ದಿನದ ನಮ್ಮ ಮನೆಯ ಅಡುಗೆಯಂತೆಯೇ. ವಿಯೆಟ್ನಾಮಿನಲ್ಲಿ "ಚಾಯ್". ಅಲ್ಲಿ ಬಹಳ ಜನ ಚಾಂದ್ರಮಾನದ ಮೊದಲ ದಿನ ಮತ್ತು ಹದಿನೈದನೇ ದಿನ ಮಾಂಸ ಬಿಡುತ್ತಾರೆ, ಎಂದರೆ ಅಮಾವಾಸ್ಯೆ ಹುಣ್ಣಿಮೆಯ ಲೆಕ್ಕ. ಆ ದಿನ ಮಾಮೂಲಿ ಅಂಗಡಿಗಳಲ್ಲೂ ಚಾಯ್ ಸಿಗುತ್ತದೆ, ಕ್ಯಾಲೆಂಡರ್ ಜೊತೆಗಿಟ್ಟುಕೊಂಡರೆ ಹೊಟ್ಟೆಗೆ ಒಳ್ಳೆಯದು. ಲಾವೋಸಿನಲ್ಲಿ ಬಿದಿರಿನ ಪುಟ್ಟ ಬುಟ್ಟಿಯಲ್ಲಿ ಅಂಟಕ್ಕಿ ಅನ್ನ ಕೊಡುತ್ತಾರೆ, ಕೈಯಲ್ಲೇ ಉಂಡೆ ಕಟ್ಟಿ ತಿನ್ನಬೇಕು. ನಮ್ಮ ಚಟ್ನಿಪುಡಿಯಲ್ಲಿ ಅದ್ದಿ ತಿಂದದ್ದು ಇಂದಿಗೂ ನಾಲಿಗೆಯ ಮೇಲಿದೆ. ಒಂದೊಂದು ಕೆ.ಜಿ. ಚಟ್ನಿಪುಡಿ, ಅವಲಕ್ಕಿ ಮತ್ತು ಒಂದು ಪುಟ್ಟ ಕೆಟಲ್ ಇದ್ದರೆ ಹೊರಟ ದಿನಗಳ ಊಟದ ಖರ್ಚು ನಿಲ್ಲುತ್ತದೆ. ಕಾಫಿಗೆ ಚಿಂತೆಯಿಲ್ಲ. ಬ್ರೆಜಿಲ್ ಬಿಟ್ಟರೆ ಅತಿ ಹೆಚ್ಚು ಕಾಫಿ ಬೆಳೆಯುವ ದೇಶ ವಿಯೆಟ್ನಾಂ. ಲೋಟದ ಮೇಲೆ ಫಿನ್ ಎಂಬ ಫಿಲ್ಟರ್ ಇಟ್ಟು ಹನಿಹನಿಯಾಗಿ ಇಳಿಸುತ್ತಾರೆ.

ಊಟದಷ್ಟೇ ಮುಖ್ಯ ಆರೋಗ್ಯ, ವಿಮೆ ಇಲ್ಲದೆ ಹೋಗಬೇಡಿ. ಬಾಡಿಗೆ ಬೈಕ್ ಹತ್ತುವ ಮೊದಲು ವಿಮೆಯ ಕಾಗದ ಓದಿ: ಆ ದೇಶ ಒಪ್ಪುವ ಪರವಾನಗಿ ಇಲ್ಲದೆ ಬಿದ್ದರೆ ಆಸ್ಪತ್ರೆಯ ಹಣ ಬರುವುದಿಲ್ಲ. ನಾವು ಬೈಕ್ ಮುಟ್ಟಲಿಲ್ಲ. ಡೆಂಗಿ ಎಲ್ಲೆಡೆ ಇದೆ, ಸೊಳ್ಳೆ ಮುಲಾಮು ಹಗಲಿಗೂ ಬೇಕು.

ಅಂಕೋರ್‌ನಲ್ಲಿ ಮೂರು ದಿನ

ಗೆರೆಯ ಹೊರಗಿಟ್ಟ ಖರ್ಚಿನಲ್ಲಿ ಇಲ್ಲಿನ ಟಿಕೆಟ್ಟೂ ಒಂದು. ತಲಾ ಒಂದು ದಿನಕ್ಕೆ 37 ಡಾಲರ್, ಮೂರು ದಿನಕ್ಕೆ 62, ಏಳು ದಿನಕ್ಕೆ 72. ಮೂರು ದಿನದ್ದನ್ನೇ ಕೊಳ್ಳಿ. ಅದನ್ನು ಹತ್ತು ದಿನದೊಳಗೆ ಯಾವ ಮೂರು ದಿನವಾದರೂ ಬಳಸಬಹುದು. ನಾವು ಒಂದು ದಿನ ಹೋಗಿ ಒಂದು ದಿನ ಬಿಟ್ಟೆವು. ಸಿಯೆಮ್ ರೀಪ್‌ನಿಂದ ಬಾಡಿಗೆ ಸೈಕಲ್ಲಿನಲ್ಲೇ ಹೋಗಬಹುದು, ದಾರಿ ಸಮತಟ್ಟು, ಮರಗಳ ನೆರಳಿದೆ. ಬೆಳಗಿನ ಐದಕ್ಕೆ ಹೊರಟು ಹನ್ನೊಂದಕ್ಕೆಲ್ಲ ಕೋಣೆಗೆ ಬಂದುಬಿಡಿ, ಮಾರ್ಚ್ ಬಿಸಿಲು ಕಲ್ಲನ್ನು ಕಾಯಿಸುತ್ತದೆ. ಹಿಂದಿರುಗುವ ವಿಮಾನಕ್ಕೆ ಹೊತ್ತಿಗಿಂತ ಮೊದಲೇ ಹೊರಡಿ: 2023ರಲ್ಲಿ ತೆರೆದ ಹೊಸ ನಿಲ್ದಾಣ ಊರಿನಿಂದ 40 ಕಿ.ಮೀ.ಗೂ ದೂರ.

ಅಂಕೋರ್ ವಾಟ್‌ನ ಪಶ್ಚಿಮ ಮೊಗಸಾಲೆಯ ದಕ್ಷಿಣ ಭಾಗದಲ್ಲಿ ಗೋಡೆಯುದ್ದಕ್ಕೂ ಕುರುಕ್ಷೇತ್ರವಿದೆ. ಸೂರ್ಯೋದಯದ ಫೋಟೋ ತೆಗೆದ ಜನ ತಿಂಡಿಗೆ ಹೋಗಿದ್ದರು. ಅಲ್ಲಿದ್ದದ್ದು ನಾವಿಬ್ಬರೇ. ಬಾಣಗಳ ಮೇಲೆ ಮಲಗಿದ ಭೀಷ್ಮನನ್ನು ನನ್ನವರು ದೂರದಿಂದಲೇ ಗುರುತು ಹಿಡಿದರು, ಚಿಕ್ಕಂದಿನಿಂದ ಯಕ್ಷಗಾನದ ಆಟ ನೋಡಿ ಬೆಳೆದವರು. ಹತ್ತಿರ ಹೋಗಿ, ಮುಟ್ಟಬಾರದೆಂದು ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡು, ರಥದ ಮೇಲಿನ ಒಬ್ಬೊಬ್ಬರ ಹೆಸರು ಊಹಿಸುತ್ತ ಗೋಡೆಯ ಆ ತುದಿವರೆಗೆ ನಡೆದರು. ನಾನು ಕಂಬಕ್ಕೊರಗಿ ಕೂತೆ. ಎರಡು ತಾಸು ಕಳೆದದ್ದು ತಿಳಿಯಲಿಲ್ಲ. ನಮಗೆ ಅಂದು ಇನ್ನೆಲ್ಲಿಗೂ ಹೋಗಬೇಕಾಗಿರಲಿಲ್ಲ.

ಆ ದಿನದ ಪುಟದಲ್ಲಿ ಬರೆದಿರುವುದು: ಸೈಕಲ್ ಬಾಡಿಗೆ ಎರಡು, ಎಳನೀರು ಎರಡು, ಅನ್ನ, ಬಾಳೆಹಣ್ಣು, ಕೋಣೆ. ಪರ್ಸು ಅವರ ಕೈಯಲ್ಲಿತ್ತು.